ಕೊನೆಯ ಒಂದು ಮೊಳ

“ಅಲ್ಲಿ ಒಗೀಬ್ಯಾಡೋ ಅಳಿಯಾ, ಅದು ನಮ್ಮ ದನದ ಕೊಟಗಿ. ಗುಂಡ ಹೋತಂದ್ರ ತಿರುಗಿ ಬರಂಗಿಲ್ಲ.”

ಸೋದರಮಾವ ಹಾಗೆ ಅಂದಾಗ ನಮ್ಮ ಹರಿಗೋಲಿನ ಸುತ್ತ ಕಣ್ಣು ಹಾಯುವಷ್ಟು ದೂರವೂ ನೀರೇ ಇತ್ತು. ಕೊಟ್ಟಿಗೆಯಿಲ್ಲ, ಗೋಡೆಯಿಲ್ಲ, ಊರಿದ್ದ ಒಂದು ಗುರುತೂ ಇಲ್ಲ. ಬೀಳಗಿ ತಾಲ್ಲೂಕಿನ ಹಿನ್ನೀರಿನಲ್ಲಿ ಮುಳುಗಿದ ಊರು ನನ್ನ ಅವ್ವನ ತವರು. ಮಾವ ದಂಡೆಯ ಮೇಲಿನ ಒಂದು ಬೇವಿನ ಮರವನ್ನೂ ದೂರದ ಒಂದು ಗುಡ್ಡದ ತಲೆಯನ್ನೂ ನೋಡಿ ಗೆರೆ ಎಳೆದ ಹಾಗೆ ಕೈ ಆಡಿಸಿ, “ಇಲ್ಲಿಂದ ಅಲ್ಲಿಗೆ ಅಗಸಿ. ಅಗಸಿ ದಾಟಿದರ ಹಣಮಪ್ಪನ ಗುಡಿ. ಗುಡಿ ಮುಂದ ಬಯಲು ಐತಿ, ಅಲ್ಲಿ ಒಗಿ,” ಎಂದರು. ಒಗೆದೆ. ಗುಂಡು ನೆಲ ಮುಟ್ಟಿದ್ದು ದಾರದಲ್ಲಿ ಬೆರಳಿಗೆ ತಿಳಿಯಿತು. ಮೆಲ್ಲಗೆ ಎಳೆದರೆ ಎಲ್ಲೂ ಸಿಕ್ಕಿಕೊಳ್ಳದೆ ಸರಾಗ ಬಂತು. ಗುಡಿಯ ಮುಂದಿನ ಬಯಲು ಇನ್ನೂ ಬಯಲಾಗಿಯೇ ಇತ್ತು.

ಗಾಳ ಹಾಕುವವರೆಲ್ಲ ಮೊದಲು ಕೇಳುವುದು ಕೋಲು ಎಷ್ಟು ಉದ್ದ, ರೀಲ್ ಯಾವ ಕಂಪನಿಯದು ಎಂದು. ಇಪ್ಪತ್ತೈದು ವರ್ಷ ಈ ನೀರಿನ ದಂಡೆಯಲ್ಲಿ ಕುಳಿತ ಮೇಲೆ ನನಗೆ ತಿಳಿದದ್ದು ಬೇರೆ. ಬಿದಿರಿನ ಕೋಲಿಗೂ ಮೀನು ಬರುತ್ತದೆ, ಕೋಲೇ ಇಲ್ಲದ ಬರಿಗೈ ದಾರಕ್ಕೂ ಬರುತ್ತದೆ. ಬರುವುದೋ ಬಾರದೋ ಎಂಬುದು ನಿರ್ಧಾರವಾಗುವುದು ದಾರದ ಕೊನೆಯ ಒಂದು ಮೊಳದಲ್ಲಿ: ಗಾಳ, ಗುಂಡು, ಗಂಟು, ಎರೆ. ಆ ಒಂದು ಮೊಳವನ್ನು ಹೇಗೆ ಕಟ್ಟಬೇಕೆಂದು ಹೇಳುವುದು ಅಂಗಡಿಯಲ್ಲ, ನೀರಿನ ತಳ.

ನಮ್ಮ ನಾಲ್ಕು ಊರುಗಳ ನೀರು ಒಂದೇ ಗುಣದ್ದಲ್ಲ. ರಬಕವಿ-ಬನಹಟ್ಟಿಗೂ ಜಮಖಂಡಿಗೂ ಕೃಷ್ಣೆ, ಮುಧೋಳಕ್ಕೆ ಘಟಪ್ರಭೆ, ಬೀಳಗಿಗೆ ಎರಡೂ. ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಕೂಡಿಕೊಳ್ಳುತ್ತದೆ ಎನ್ನುವುದು ಹಳೆಯ ಮಾತು. ಈಗ ಅಲ್ಲಿ ಎರಡು ಹೊಳೆಗಳ ಬದಲು ಒಂದೇ ಸಮುದ್ರದಂಥ ಹಿನ್ನೀರು. ಹಿಪ್ಪರಗಿ ಬ್ಯಾರೇಜು ಕೃಷ್ಣೆಯನ್ನು ಮೇಲೆಯೇ ತಡೆಯುತ್ತದೆ. ಜಮಖಂಡಿಯ ಹತ್ತಿರ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕಟ್ಟಿದ ಬ್ಯಾರೇಜಿಗೆ ಶ್ರಮಬಿಂದು ಸಾಗರ ಎಂದೇ ಹೆಸರು. ಅದಕ್ಕೂ ಕೆಳಗೆ ಅಲಮಟ್ಟಿ. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲಿಟ್ಟ ಆಣೆಕಟ್ಟಿನ ನೀರು ಇಂದು 519.6 ಮೀಟರ್ ಮಟ್ಟಕ್ಕೆ ನಿಲ್ಲುತ್ತದೆ. ಹೀಗೆ ಹರಿಯುವ ಹೊಳೆಗೆ ಹಿರಿಯರು ಕಟ್ಟಿಕೊಟ್ಟಿದ್ದ ಗಾಳದ ಪಾಠ ನಮ್ಮ ಕಾಲಕ್ಕೆ ಅರ್ಧ ಕೆಲಸಕ್ಕೆ ಬಾರದಾಯಿತು. ಮಳೆಗಾಲದ ಎರಡು ಮೂರು ತಿಂಗಳು ಹೊಳೆ ಹೊಳೆಯಾಗಿಯೇ ಇರುತ್ತದೆ, ಉಳಿದ ಕಾಲ ಅದು ಕೆರೆ.

ಗುಂಡಿನ ವಿಷಯಕ್ಕೆ ಬರುತ್ತೇನೆ, ಹೆಚ್ಚು ಜನ ತಪ್ಪುವುದು ಅಲ್ಲಿಯೇ.

ಗುಂಡು ಎಂದರೆ ಸೀಸ ಎಂದು ಎಲ್ಲರೂ ತಿಳಿದಿದ್ದಾರೆ. ಸೀಸ ಮೆತ್ತಗಿನ ಲೋಹ, 327 ಡಿಗ್ರಿಗೆ ಕರಗುತ್ತದೆ, ಮನೆಯ ಒಲೆಯ ಮೇಲೆ ಕರಗಿಸಿ ಅಚ್ಚಿಗೆ ಹೊಯ್ಯಬಹುದು. ನೀರಿಗಿಂತ ಹನ್ನೊಂದು ಪಟ್ಟು ಭಾರ. ಆದರೆ ಗಾಳದವನಿಗೆ ಬೇಕಾದದ್ದು ತಕ್ಕಡಿಯ ಮೇಲಿನ ತೂಕವಲ್ಲ, ನೀರೊಳಗಿನ ತೂಕ. ಕಲ್ಲು ನೀರಿಗಿಳಿದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೂಕ ಕಳೆದುಕೊಳ್ಳುತ್ತದೆ. ಕಬ್ಬಿಣ ಎಂಟರಲ್ಲಿ ಒಂದು ಪಾಲು, ಸೀಸ ಹನ್ನೊಂದರಲ್ಲಿ ಒಂದು ಪಾಲು. ಅಂದರೆ 50 ಗ್ರಾಮಿನ ಕಲ್ಲು ನೀರೊಳಗೆ 31 ಗ್ರಾಮಿನಷ್ಟೇ ಎಳೆದರೆ, ಅಷ್ಟೇ ತೂಕದ ಕಬ್ಬಿಣದ ನಟ್ಟು 43ಕ್ಕಿಂತ ತುಸು ಹೆಚ್ಚು, ಸೀಸ 45ಕ್ಕಿಂತ ತುಸು ಹೆಚ್ಚು. ಕಬ್ಬಿಣಕ್ಕೂ ಸೀಸಕ್ಕೂ ಇರುವ ಅಂತರ ಎರಡು ಗ್ರಾಮು. ಎರಡು ಗ್ರಾಮಿಗಾಗಿ ವಿಷವನ್ನು ನೀರಿಗೆ ಹಾಕಬೇಕೆ?

ಬನಹಟ್ಟಿಯಲ್ಲಿ ಹುಟ್ಟಿದವನಿಗೆ ಕಬ್ಬಿಣದ ನಟ್ಟಿಗೆ ಬರವಿಲ್ಲ. ಪಾವರ್‌ಲೂಮಿನ ರಿಪೇರಿ ಮಾಡುವ ಅಂಗಡಿಯ ಮೂಲೆಯ ಡಬ್ಬಿಯಲ್ಲಿ ಥ್ರೆಡ್ ಹೋದ ನಟ್ಟು ರಾಶಿ ಬಿದ್ದಿರುತ್ತವೆ. ಚಹಾ ಕುಡಿಸಿದರೆ ಒಂದು ಮುಷ್ಟಿ ಕೊಡುತ್ತಾರೆ. ನಡುವೆ ತೂತಿರುವುದರಿಂದ ದಾರ ಪೋಣಿಸಲು ಸಲೀಸು. ಆದರೆ ನಟ್ಟಿನ ಒಳಗಿನ ಅಂಚು ನೈಲಾನ್ ದಾರವನ್ನು ಸವೆಸುತ್ತದೆ. ಬಾಲ್‌ಪೆನ್ನಿನ ಖಾಲಿ ರೀಫಿಲ್ಲನ್ನು ನಟ್ಟಿನ ತೂತಿನಷ್ಟು ಉದ್ದ ಕತ್ತರಿಸಿ ದಾರಕ್ಕೆ ಮೊದಲು ಅದನ್ನು ಪೋಣಿಸಿ, ಅದರ ಮೇಲೆ ನಟ್ಟು ಕೂರಿಸಬೇಕು. ಸಣ್ಣ ನಟ್ಟಾದರೆ ರೀಫಿಲ್ ಹಿಡಿದು ಕೂರುತ್ತದೆ, ದೊಡ್ಡದಕ್ಕೆ ತುಸು ಅಂಟು ಬೇಕು.

ನಿಂತ ನೀರಿನಲ್ಲಿ ಗುಂಡು ದಾರದ ಮೇಲೆ ಜಾರುವಂತಿರಬೇಕು. ಮೀನು ಎರೆಯನ್ನು ಬಾಯಿಗಿಟ್ಟು ಎಳೆದಾಗ ದಾರ ಗುಂಡಿನ ತೂತಿನೊಳಗೆ ಹರಿದುಹೋಗುತ್ತದೆ, ಮೀನಿಗೆ ಭಾರ ತಿಳಿಯುವುದಿಲ್ಲ. ಗುಂಡು ಗಾಳದವರೆಗೂ ಜಾರಿ ಬಾರದಿರಲೆಂದು ನಡುವೆ ಒಂದು ಸ್ವಿವೆಲ್ ಕಟ್ಟುತ್ತೇವೆ. ನಮ್ಮ ಕಡೆಯ ಹಿರಿಯರು ಅದಕ್ಕೆ ತಿರುಗುಣಿ ಎನ್ನುತ್ತಾರೆ, ಅದೇ ಚಂದದ ಮಾತು. ಎರಡು ಕಣ್ಣುಗಳ ನಡುವೆ ತಿರುಗುವ ಪುಟ್ಟ ಹಿತ್ತಾಳೆ ಕೊಳವೆ ಅದು. ಮೀನು ಸುತ್ತು ಹೊಡೆದರೂ ದಾರ ಹುರಿಯಾಗದಂತೆ ಕಾಯುತ್ತದೆ.

ಆದರೆ ಮುಳುಗಡೆಯ ಊರಿನ ಮೇಲೆ ಈ ಜಾರುಗುಂಡು ನಡೆಯುವುದಿಲ್ಲ. ಅಲ್ಲಿ ಗೋಡೆ, ಬಾವಿಯ ಕಟ್ಟೆ, ಜಾಲಿಯ ಬೊಡ್ಡೆ ಇವೆ. ಗುಂಡು ಸಂದಿಯಲ್ಲಿ ಸಿಕ್ಕರೆ ಗಾಳ, ದಾರ, ಕೆಲವೊಮ್ಮೆ ಗಾಳಕ್ಕೆ ಬಿದ್ದ ಮೀನು ಎಲ್ಲವೂ ಹೋಯಿತು. ಮಾವ ಕಲಿಸಿದ್ದು ಇದು: ತಿರುಗುಣಿಗೆ ಮೂರು ಕಣ್ಣಿರುವುದನ್ನು ತಗೋ. ಒಂದಕ್ಕೆ ಕೈಯ ದಾರ, ಒಂದಕ್ಕೆ ಗಾಳದ ದಾರ, ಮೂರನೆಯದಕ್ಕೆ ಗುಂಡು. ಗುಂಡಿನ ದಾರ ಮಾತ್ರ ತೆಳ್ಳಗಿರಲಿ. ಕೈಯ ದಾರ 0.40 ಮಿಲಿಮೀಟರ್ ಇದ್ದರೆ ಗುಂಡಿನದು 0.25. ಅದೇ ಜಾತಿಯ ನೈಲಾನಾದರೆ ತೆಳ್ಳನೆಯದರ ಶಕ್ತಿ ದಪ್ಪನೆಯದರ ಐದರಲ್ಲಿ ಎರಡು ಪಾಲು. ಗುಂಡು ಸಿಕ್ಕಿಬಿದ್ದರೆ ಜಗ್ಗಿದ ಕೂಡಲೇ ಅದೊಂದೇ ಹರಿಯುತ್ತದೆ, ಮೀನೂ ಗಾಳವೂ ಕೈಗೆ ಬರುತ್ತವೆ. “ಗುಂಡ ಹೊಳಿಗೆ ಕೊಟ್ಟು ಮೀನ ತಗೊಂಡು ಬಾ,” ಎನ್ನುತ್ತಿದ್ದರು. ಕೊಡುವ ಗುಂಡು ಸೀಸದ್ದಾಗಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಕಬ್ಬಿಣ ತುಕ್ಕು ಹಿಡಿದು ಮಣ್ಣಾಗುತ್ತದೆ, ಸೀಸ ಹಾಗೆಯೇ ಉಳಿಯುತ್ತದೆ. ಬಾತು, ಹಂಸಗಳು ಆಹಾರ ಅರೆಯಲು ಹರಳು ನುಂಗುವಾಗ ಸೀಸದ ಚೂರನ್ನೂ ನುಂಗಿ ಸಾಯುತ್ತವೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸತ್ತದ್ದಕ್ಕೇ 1987ರಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿದರು. ನಮ್ಮ ಹಿನ್ನೀರಿಗೂ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ರಾಜಹಂಸಗಳು ಬರುತ್ತವೆ. ಇನ್ನೊಂದು ಮಾತು. ದಾರಕ್ಕೆ ಕಚ್ಚಿಸುವ ಸೀಳು ಸೀಸದ ಮಣಿಯನ್ನು ಹುಡುಗರು ಹಲ್ಲಿನಲ್ಲಿ ಕಚ್ಚಿ ಮುಚ್ಚುತ್ತಾರೆ. ನಾನೂ ಕಚ್ಚಿದ್ದೇನೆ. ಕೈಮುಗಿದು ಕೇಳುತ್ತೇನೆ, ಮಕ್ಕಳ ಕೈಯಿಂದ ಅದನ್ನು ಬಿಡಿಸಿ, ಒಂದು ಪಕ್ಕಡ ಕೊಡಿ.

ಗಂಟಿನ ಪಾಠವನ್ನು ನಾನು ಕಲಿತದ್ದು ನೋವಿನಿಂದ. ಅಪ್ಪ ಮಗ್ಗದವರು. ಹಾಸಿನ ಎಳೆ ಹರಿದರೆ ಅವರ ಬೆರಳುಗಳು ನೋಡದೆಯೇ ಗಂಟು ಹಾಕುತ್ತಿದ್ದವು. ಎರಡು ತುದಿ ಅಡ್ಡ ಇಟ್ಟು, ಒಂದನ್ನು ಸುತ್ತಿ, ಇನ್ನೊಂದನ್ನು ಕುಣಿಕೆಯೊಳಗೆ ತೂರಿಸಿ ಜಗ್ಗಿದರೆ ಮುಗಿಯಿತು. ಸಣ್ಣದು, ಚಪ್ಪಟೆ, ಫಣಿಯ ಹಲ್ಲಿಗೆ ಸಿಗದೆ ದಾಟುತ್ತದೆ. ಬಲೆ ಹೆಣೆಯುವ ಅಂಬಿಗೇರ ಓಣಿಯಲ್ಲಿ ಪ್ರತಿ ಕಣ್ಣಿಗೆ ಬೀಳುವ ಗಂಟೂ ಇದೇ. ಮಗ್ಗದ ಮನೆಗೂ ಬಲೆಯ ಮನೆಗೂ ಒಂದೇ ಗಂಟು. ಹನ್ನೆರಡು ವರ್ಷದ ನಾನು ರಬಕವಿಯ ಹೊಳೆಗೆ ಹೋಗುವ ಮುನ್ನ ಅಪ್ಪನ ಮುಂದೆ ದಾರ ಹಿಡಿದೆ, ಗಾಳದ ದಾರ ಗಿಡ್ಡ ಇತ್ತು. ಅವರು ಅದೇ ಗಂಟಿನಿಂದ ಎರಡು ತಂಗೂಸಿ ದಾರ ಜೋಡಿಸಿ ಕೊಟ್ಟರು. ಆ ಸಂಜೆ ನನ್ನ ಜೀವನದ ಮೊದಲ ದೊಡ್ಡ ಮೀನು ಎಳೆಯಿತು, ಒಂದು ಕ್ಷಣ ಅದರ ಬಂಗಾರದ ಹೊಟ್ಟೆ ಮಗ್ಗುಲಾಗಿ ಹೊಳೆದದ್ದು ಕಂಡಿತು, ಮರುಕ್ಷಣ ದಾರ ಸಡಿಲಾಯಿತು. ಎಳೆದು ನೋಡಿದರೆ ದಾರ ಹರಿದಿರಲಿಲ್ಲ. ಗಂಟೇ ಜಾರಿತ್ತು, ತುದಿ ಸುರುಳಿಯಾಗಿ ಬಂದಿತ್ತು. ಹತ್ತಿಯ ನೂಲಿನ ಮೈ ಒರಟು, ಒಂದರ ನಾರು ಇನ್ನೊಂದನ್ನು ಹಿಡಿಯುತ್ತದೆ. ನೈಲಾನಿನ ಮೈ ಗಾಜಿನಂತೆ ನುಣುಪು. ನೈಲಾನ್ ಬಲೆ ಹೆಣೆಯುವವರು ಅದಕ್ಕೇ ಆ ಗಂಟನ್ನು ಎರಡು ಸುತ್ತು ಬಿಗಿಯುತ್ತಾರೆ. ಅಪ್ಪ ಮರುದಿನ ಆ ಸುರುಳಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಈಗ ಗಾಳಕ್ಕೆ ನಾನು ಹಾಕುವ ಗಂಟು ಹೀಗಿದೆ. ದಾರವನ್ನು ಗಾಳದ ಕಣ್ಣಿನೊಳಗೆ ತೂರಿಸಿ ಒಂದು ಗೇಣು ಹೊರಗೆ ತೆಗೆಯಿರಿ. ಆ ತುದಿಯನ್ನು ಮೇಲಿನ ದಾರಕ್ಕೆ ಐದಾರು ಸುತ್ತು ಸುತ್ತಿ. ಗಾಳದ ಕಣ್ಣಿನ ಪಕ್ಕದಲ್ಲೇ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ, ತುದಿಯನ್ನು ಅದರಲ್ಲಿ ತೂರಿಸಿ. ಆಗ ಹೊಸದಾಗಿ ಒಂದು ದೊಡ್ಡ ಕುಣಿಕೆ ಆಗಿರುತ್ತದೆ, ಅದರಲ್ಲೂ ಒಮ್ಮೆ ತೂರಿಸಿ. ಜಗ್ಗುವ ಮುನ್ನ ಗಂಟನ್ನು ಬಾಯಿಯಲ್ಲಿ ಒದ್ದೆ ಮಾಡಿ. ಒಣ ನೈಲಾನನ್ನು ಬಿರುಸಾಗಿ ಜಗ್ಗಿದರೆ ಉಜ್ಜಿದ ಬಿಸಿಗೆ ಅದರ ಕಸುವು ಹೋಗುತ್ತದೆ, ಆ ಜಾಗ ಬಿಳಿಚಿಕೊಳ್ಳುತ್ತದೆ. ಸುತ್ತುಗಳು ಒಂದರ ಪಕ್ಕ ಒಂದು, ಕಂಡಿಕೆಗೆ ನೂಲು ಸುತ್ತಿದ ಹಾಗೆ ಕೂರಬೇಕು. ಒಂದರ ಮೇಲೊಂದು ಏರಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. ತಾಳ್ಮೆಯಿಲ್ಲದೆ “ಇರಲಿ ಬಿಡು” ಎಂದ ಗಂಟಿಗೇ ದೊಡ್ಡ ಮೀನು ಬೀಳುತ್ತದೆ.

ಮಗ್ಗದ ಊರಿನವರಿಗೆ ಗಾಳದ ನಂಬರು ಹೇಳಿಕೊಡುವುದು ಬಲು ಸುಲಭ. ಹತ್ತಿ ನೂಲಿನ ಕೌಂಟ್ ಹೆಚ್ಚಿದಷ್ಟೂ ನೂಲು ತೆಳ್ಳಗಾಗುವಂತೆ, ಗಾಳದ ನಂಬರು ಹೆಚ್ಚಿದಷ್ಟೂ ಗಾಳ ಸಣ್ಣದು. ಹನ್ನೆರಡು ಸಣ್ಣದು, ಆರು ಅದಕ್ಕಿಂತ ದೊಡ್ಡದು, ಒಂದು ಇನ್ನೂ ದೊಡ್ಡದು. ಒಂದರಿಂದಾಚೆ ಲೆಕ್ಕ ತಿರುಗಿ ಡೆನಿಯರ್ ದಾರಿ ಹಿಡಿಯುತ್ತದೆ: 1/0, 2/0, 3/0 ಎಂದು ಸಂಖ್ಯೆ ಏರಿದಷ್ಟೂ ಗಾಳ ದೊಡ್ಡದು. ಡೆನಿಯರ್ ಎಂದರೆ 9,000 ಮೀಟರ್ ಎಳೆಯ ಗ್ರಾಮು ತೂಕ. ಆ ಲೆಕ್ಕದಲ್ಲಿ 0.40 ಮಿಲಿಮೀಟರಿನ ನೈಲಾನ್ ದಾರ ಸುಮಾರು 1,290 ಡೆನಿಯರ್ ಆಗುತ್ತದೆ. ಸೀರೆಯ 75, 120 ಡೆನಿಯರ್ ಎಳೆಯಲ್ಲಿ ದಿನ ಕಳೆಯುವ ನಮ್ಮೂರವರಿಗೆ ಈ ಲೆಕ್ಕ ಹೇಳಿದರೆ ಕಣ್ಣರಳಿಸುತ್ತಾರೆ.

ಯಾವ ನಂಬರು ಎಂಬುದನ್ನು ಮೀನಿನ ಬಾಯಿ ಹೇಳುತ್ತದೆ, ಎಷ್ಟು ಆಳಕ್ಕೆ ಎಂಬುದನ್ನೂ ಅದೇ ಹೇಳುತ್ತದೆ. ಸಂತೆಯಲ್ಲಿ ಮೀನು ಕೊಳ್ಳುವಾಗ ಬಾಯಿ ನೋಡಿ. ಕಾಟ್ಲಾದ ಕೆಳದವಡೆ ಮುಂದಕ್ಕೆ ಚಾಚಿ ಬಾಯಿ ಆಕಾಶ ನೋಡುತ್ತದೆ, ಅದು ಮೇಲ್ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಉಣ್ಣುವ ಮೀನು. ಮೃಗಾಲದ ಬಾಯಿ ಕೆಳಗೆ ತಿರುಗಿದೆ, ಅದು ಕೆಸರು ಕೆದಕುತ್ತದೆ. ರೋಹು ನಡುನೀರಿನದು. ಈ ಮೂರೂ ಗಂಗೆಯ ಬಯಲಿನಿಂದ ತಂದು ಬಿಟ್ಟ ಮೀನುಗಳು, ಕೃಷ್ಣೆಯ ಮೂಲದವಲ್ಲ, ಆದರೆ ಇಂದು ನಮ್ಮ ಗಾಳಕ್ಕೆ ಬೀಳುವುದು ಹೆಚ್ಚಾಗಿ ಇವೇ. ಮೂರಕ್ಕೂ ದೊಡ್ಡ ಗಾಳ ಬೇಕಿಲ್ಲ. ಇವು ಕಚ್ಚುವ ಮೀನಲ್ಲ, ಹೀರುವ ಮೀನು. ನಾನು ಆರು, ಎಂಟರ ಗಾಳಕ್ಕಿಂತ ದೊಡ್ಡದನ್ನು ಕಟ್ಟುವುದು ಅಪರೂಪ. ಹಿನ್ನೀರಿನ ದಂಡೆಯಲ್ಲಿ ಹಲವರು ಕಟ್ಟುವ ಸ್ಪ್ರಿಂಗ್ ಗಾಳವೂ ಈ ಹೀರುವ ಬಾಯಿಗೆಂದೇ ಹುಟ್ಟಿದ್ದು. ತಂತಿಯ ಸುರುಳಿಗೆ ಶೇಂಗಾ ಹಿಂಡಿ, ಜೋಳದ ಹಿಟ್ಟು, ತುಸು ಬೆಲ್ಲ ಕಲಸಿದ ಮುದ್ದೆ ಮೆತ್ತಿ, ಸುತ್ತಲೂ ಗಿಡ್ಡ ದಾರದಲ್ಲಿ ನಾಲ್ಕಾರು ಸಣ್ಣ ಗಾಳ ಚುಚ್ಚಿಡುತ್ತಾರೆ. ಮುದ್ದೆ ನೀರಲ್ಲಿ ಕರಗುತ್ತ ಹೋದಂತೆ ಮೀನು ಸುತ್ತಲೂ ಹೀರುತ್ತದೆ, ಒಂದು ಗಾಳ ಒಳಗೆ ಹೋಗುತ್ತದೆ. ಮುಧೋಳ, ಜಮಖಂಡಿ ಕಡೆ ಬೆಲ್ಲಕ್ಕೆ ಕೊರತೆಯಿಲ್ಲ. ಹಿಟ್ಟು ಮಾತ್ರ ರೊಟ್ಟಿಯ ಹದಕ್ಕಿಂತ ಗಟ್ಟಿ ಇರಬೇಕು, ಒಗೆದಾಗ ಗಾಳಿಯಲ್ಲಿ ಒಡೆಯಬಾರದು, ತಳದಲ್ಲಿ ಅರ್ಧ ತಾಸಿನೊಳಗೆ ಸಡಿಲಬೇಕು.

ತೇಲಿಸುವ ಬೆಂಡಿಗೆ ಜೋಳದ ದಂಟಿನ ಒಳತಿರುಳು, ನವಿಲುಗರಿಯ ದಿಂಡು, ಸವೆದ ಹವಾಯಿ ಚಪ್ಪಲಿಯ ತುಂಡು, ಯಾವುದಾದರೂ ನಡೆಯುತ್ತದೆ. ದಿಂಡು ಎಲ್ಲಕ್ಕಿಂತ ಸೂಕ್ಷ್ಮ, ಅದನ್ನೇ ಇಟ್ಟುಕೊಳ್ಳಿ.

ಎರೆ ಎಂಬ ಮಾತಿನ ಮೇಲೆ ನನಗೆ ವಿಪರೀತ ಪ್ರೀತಿ. ಗಾಳಕ್ಕೆ ಸಿಕ್ಕಿಸುವ ತಿನಿಸು ಎರೆ. ಹಾಗೆ ಸಿಕ್ಕಿಸುವ ಹುಳು ಎರೆಹುಳು. ನಮ್ಮ ಕಪ್ಪು ಹೊಲಕ್ಕೂ ಎರಿ ಎಂದೇ ಹೆಸರು. ಮಳೆಯಾದ ಮರುದಿನ ಎರಿ ಹೊಲದ ಬದುವಿನಲ್ಲಿ ಅಗೆದು, ಎರೆಹುಳು ತೆಗೆದು, ಗಾಳಕ್ಕೆ ಎರೆ ಮಾಡುವ ಹುಡುಗನಿಗೆ ಈ ಮೂರೂ ಒಂದೇ ಮಾತಿನಂತೆ ಕೇಳಿಸುತ್ತವೆ.

ನಮ್ಮ ನಾಡಿನಲ್ಲಿ ಇದು ಇಂದಿನ ವಿದ್ಯೆಯೂ ಅಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಒಂದು ‘ಮತ್ಸ್ಯವಿನೋದ’, ಗಾಳ ಹಾಕುವ ಆಟದ್ದು. ಮೀನಿನ ಜಾತಿಗಳು, ಯಾವುದಕ್ಕೆ ಯಾವ ತಿನಿಸು, ಕೋಲು, ದಾರ, ಗಾಳ ಎಲ್ಲವೂ ಅಲ್ಲಿವೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅದನ್ನು 1951ರಲ್ಲಿ ವಿದ್ವಾಂಸರ ಮುಂದಿಟ್ಟರು. ಮುಧೋಳದ ರನ್ನನಿಗೆ ಆಶ್ರಯ ಕೊಟ್ಟ ಮನೆತನದ ದೊರೆಯೊಬ್ಬ ಗಾಳದ ಬಗ್ಗೆಯೂ ಬರೆದ ಎಂಬುದನ್ನು ಮುಧೋಳದ ಘಟಪ್ರಭೆಯ ದಂಡೆಯಲ್ಲಿ ಕುಳಿತಾಗಲೆಲ್ಲ ನೆನೆಯುತ್ತೇನೆ.

ಹುಸಿ ಎರೆ, ಅಂದರೆ ಲೂರ್, ನಮ್ಮ ಕಡೆ ತಡವಾಗಿ ಬಂತು. ಈಗ ಹುಡುಗರು ಮೊಬೈಲಿನಲ್ಲಿ ತರಿಸಿ ಡಬ್ಬಿ ತುಂಬ ಬಣ್ಣಬಣ್ಣದ್ದು ಇಟ್ಟುಕೊಂಡಿರುತ್ತಾರೆ. ನಾನು ಅವರಿಗೆ ಹೇಳುವ ಕಥೆ ಲೌರಿ ರಾಪಾಲಾನದು. ಫಿನ್‌ಲೆಂಡಿನ ಬಡ ಮೀನುಗಾರ. ದೊಡ್ಡ ಮೀನು ನೂರು ಮರಿಗಳ ಹಿಂಡಿನೊಳಗೆ ನುಗ್ಗಿ, ಓರೆಯಾಗಿ ತಡವರಿಸುವ ಗಾಯದ ಮರಿಯೊಂದನ್ನೇ ಹಿಡಿಯುವುದನ್ನು ದೋಣಿಯಿಂದ ನೋಡಿದ. 1936ರಲ್ಲಿ ಚಮ್ಮಾರರ ಚಾಕುವಿನಿಂದ ಕಾರ್ಕ್ ಕೆತ್ತಿ, ಚಾಕಲೇಟಿನ ಬೇಗಡೆ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಮೆರುಗು ಕೊಟ್ಟು, ಆ ತಡವರಿಕೆಯನ್ನೇ ಮಾಡುವ ಹುಸಿ ಮೀನು ಮಾಡಿದ. ಅಂಗಡಿಯಲ್ಲಿ ಬಣ್ಣ ನೋಡಿ ಕೊಳ್ಳಬೇಡಿ, ದಂಡೆಯ ತಿಳಿನೀರಿನಲ್ಲಿ ಒಮ್ಮೆ ಎಳೆದು ಅದು ಹೇಗೆ ಈಜುತ್ತದೆ ನೋಡಿ. ಕಾಟ್ಲಾ, ರೋಹು ಬೇಕೆಂದರೆ ಹಿಟ್ಟಿಗೇ ಹೋಗಿ. ಹುಸಿ ಎರೆ ಬೇಟೆಯಾಡುವ ಮೀನಿಗೆ. ಬಾಳೆ ಮೀನಿಗೆ ಬೆಳ್ಳಿ ಬಣ್ಣದ ಚಮಚದಾಕಾರದ ಹುಸಿ ಎರೆ, ಮುಂದೆ ಒಂದು ಗೇಣು ಉಕ್ಕಿನ ತಂತಿ. ಇಲ್ಲದಿದ್ದರೆ ಅದರ ಹಲ್ಲುಸಾಲು ನೈಲಾನನ್ನು ಗರಗಸದಂತೆ ಕೊಯ್ಯುತ್ತದೆ. ಜಗತ್ತಿನಲ್ಲಿ ಬಾಳೆ ಮೀನು ಕಡಿಮೆಯಾಗುತ್ತಿದೆ, ಅಪಾಯದ ಪಟ್ಟಿಯಲ್ಲಿದೆ. ಸಣ್ಣದು ಸಿಕ್ಕರೆ ಬಿಟ್ಟುಬಿಡಿ. ಗಾಳದ ಎದುರುಮುಳ್ಳನ್ನು ಮೊದಲೇ ಪಕ್ಕಡದಿಂದ ಒತ್ತಿ ಮಲಗಿಸಿದ್ದರೆ ಬಿಡಿಸುವುದು ಸುಲಭ.

ಕುಚ್ಚು ಮೀನಿಗೆ ರಬ್ಬರಿನ ಕಪ್ಪೆ. ಅದರ ಎರಡು ಗಾಳಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುವುದರಿಂದ ಕಳೆಯ ಮೇಲೆ, ತಾವರೆ ಎಲೆಯ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರ್ ಅಮುಕಿ ಗಾಳ ಹೊರಬರುತ್ತದೆ. ಒಂದೇ ಬೇಡಿಕೆ. ನೀರ ಮೇಲೆ ಕೆಂಪು ಮರಿಗಳ ಚೆಂಡು ಗಿಜಿಗುಟ್ಟುತ್ತಿದ್ದರೆ ಅಲ್ಲಿ ಕಪ್ಪೆ ಒಗೆಯಬೇಡಿ. ಕೆಳಗೆ ಕಾವಲಿರುವ ತಂದೆತಾಯಿ ಹಸಿವಿಲ್ಲದಿದ್ದರೂ ಮರಿಗಳ ಮೇಲೆ ಬಂತೆಂದು ಕಪ್ಪೆಯನ್ನು ಕಚ್ಚುತ್ತವೆ. ಅವನ್ನು ಎತ್ತಿದರೆ ಆ ಚೆಂಡು ಸಂಜೆಯೊಳಗೆ ಬೇರೆ ಮೀನಿನ ಹೊಟ್ಟೆ ಸೇರುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಮರೆಯಲಾರೆ. ಕೃಷ್ಣೆಯ ದಂಡೆಯಲ್ಲಿ ಮೊಸಳೆಗಳಿವೆ, ಸಿಕ್ಕ ಗಾಳ ಬಿಡಿಸಲು ಮೊಣಕಾಲು ನೀರಿಗೂ ಇಳಿಯಬೇಡಿ; ಜಲಾಶಯದಲ್ಲಿ ಹಿಡಿಯಲು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ಸಿಡಿಮದ್ದು, ವಿಷ ಹಾಕುವುದಂತೂ 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧ.

2019ರ ಆಗಸ್ಟಿನ ಮಹಾಪೂರದ ಮುಂದಿನ ಬೇಸಿಗೆಯಲ್ಲಿ ಮಾವನ ಗುರುತುಗಳೂ ತಪ್ಪಿದವು. ನೀರು ಕೊಟ್ಟಿಗೆಯ ಗೋಡೆ ಕೆಡವಿತ್ತು, ಗುಡಿಯ ಮುಂದಿನ ಬಯಲಿಗೆ ಎಲ್ಲಿಯದೋ ಮರ ತಂದು ಒಗೆದಿತ್ತು. ಅವರು ಮೂರು ದಿನ ಹರಿಗೋಲಿನಲ್ಲಿ ಕುಳಿತು ಗಾಳವಿಲ್ಲದ ಬರೀ ನಟ್ಟೊಂದನ್ನು ಇಳಿಬಿಟ್ಟು, ಎಳೆದು, ಎತ್ತಿ, ಮತ್ತೆ ಇಳಿಬಿಟ್ಟು ಊರನ್ನು ಮರಳಿ ಅಳೆದರು. ಕೆಸರಾದರೆ ಗುಂಡು ಮೆತ್ತಗೆ ಹೂತು ಬಿಡುವಾಗ ತಡೆಯುತ್ತದೆ, ಕಲ್ಲಾದರೆ ಟಕ್ ಎಂದು ಬೆರಳಿಗೆ ಬಡಿಯುತ್ತದೆ, ಮರವಾದರೆ ಸ್ಪ್ರಿಂಗಿನಂತೆ ತುಸು ಜಗ್ಗಿ ಬಿಡುತ್ತದೆ. “ಇದು ಗೌಡರ ಕಟ್ಟಿ, ಇನ್ನೂ ಐತಿ,” ಎಂದು ಅವರು ದಾರ ನನ್ನ ಬೆರಳಿಗೆ ಕೊಟ್ಟರು. ನಾನು ಆ ಕಟ್ಟೆಯ ಮೇಲೆ ಎಂದೂ ಕುಳಿತವನಲ್ಲ. ಆದರೆ ಅದರ ಅಂಚು ನನಗೆ ಗೊತ್ತು.

ಕೃಷ್ಣಾ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ನೀರನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ಅಷ್ಟು ನಿಂತರೆ ದಂಡೆಯ ಆ ಬೇವಿನ ಮರವೂ ನೀರೊಳಗೆ. ಆಗ ಗೆರೆ ಎಳೆಯಲು ಯಾವ ಗುರುತು ಹಿಡಿಯುವುದು ಎಂದು ಮಾವನನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಈ ವರ್ಷ ಮೇ ತಿಂಗಳಲ್ಲಿ ನೀರು ಇಳಿದಾಗ ನನ್ನನ್ನೂ ನನ್ನ ಮಗಳನ್ನೂ ಹಳೆಯ ಮನೆಯ ಜಾಗಕ್ಕೆ ನಡೆಸಿಕೊಂಡು ಹೋದರು. ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ಹೊಸ್ತಿಲ ಕಲ್ಲು ಎದ್ದಿತ್ತು. ಅದರ ಸಂದಿಯಲ್ಲಿ ಹರಿದ ದಾರದ ಸಿಕ್ಕು, ತುಕ್ಕು ಹಿಡಿದ ಎರಡು ಗಾಳ, ಮೂರು ನಟ್ಟು. ಮಾವ ಹೊಸ್ತಿಲ ಮೇಲೆ ಕುಳಿತು ದಾರವನ್ನು ಒಂದೊಂದೇ ಸುತ್ತು ಬಿಡಿಸಿ ಚೀಲಕ್ಕೆ ಹಾಕಿದರು. ಮಗಳು ಒಂದು ನಟ್ಟು ಎತ್ತಿಕೊಂಡಳು. ರೀಫಿಲ್ ತುಂಡು ಇನ್ನೂ ಅದರೊಳಗೇ ಇತ್ತು.